ಲಗೂ ಹೋಗದ ಶಾಂತವ್ವ

ಶಾಂತವ್ವನನ್ನು ನಾನು ಮೊದಲು ಕಂಡಾಗ ಆಕೆ ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಗೋಡೆ ತಡವುತ್ತ, ಬೇರೆಯವರ ಮನೆಯ ಬಚ್ಚಲಿಗೆ ಹೊರಟಿದ್ದಳು. ಅದು ಘಟಪ್ರಭಾದ ಬಸಪ್ಪಜ್ಜನ ಮನೆ. ಲಕ್ವಾ ಹೊಡೆದು ಅಜ್ಜನ ಬಲಗಡೆಯ ಕೈಕಾಲು ಬಿದ್ದಿದ್ದವು. ಹೆಣ್ಣುಮಗಳ ಕೈಯಲ್ಲಿ ಮೈ ತೊಳೆಸಿಕೊಳ್ಳುವುದಿಲ್ಲವೆಂದು ಅವರು ವಾರದಿಂದ ಹಟ ಹಿಡಿದಿದ್ದರು. ಅದಕ್ಕೇ ಈ ಉಪಾಯ. ಎರಡನೆಯ ತಂಬಿಗೆ ನೀರು ಗೋಡೆಗೆ ಬಿದ್ದ ಸದ್ದು ಹೊರಗೆ ನಿಂತ ನನಗೂ ಕೇಳಿಸಿತು. “ಕಣ್ಣ ಬಿಚ್ಚವಾ ತಾಯಿ, ನೀನೂ ಬಿದ್ದಗಿದ್ದಿ!” ಎಂದು ಅಜ್ಜ ನಕ್ಕುಬಿಟ್ಟರು.

ಆಮೇಲೆ ಕೈ ಒರಸಿಕೊಳ್ಳುತ್ತ ಶಾಂತವ್ವ ನನಗೆ ಹೇಳಿದಳು: “ಕೈಕಾಲ ಬಿದ್ರೂ ನಾಚಿಕಿ ಬೀಳೂದಿಲ್ಲರಿ ಅಕ್ಕಾರ. ಮೊದಲ ಅದನ್ನ ಸಂಬಾಳಿಸಬೇಕು.”

ಗೋಕಾಕ, ಮೂಡಲಗಿ ಕಡೆಯ ಊರುಗಳಲ್ಲಿ ವಯಸ್ಸಾದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳಲು ಒಂದು ಸಂಸ್ಥೆ ಕೆಲವು ಹೆಣ್ಣುಮಕ್ಕಳನ್ನು ನೇಮಿಸಿತ್ತು. ಮಸಗುಪ್ಪಿಯ ಶಾಂತವ್ವ ಅವರಲ್ಲೊಬ್ಬಳು. ಐವತ್ತು ದಾಟಿದ, ದೊಡ್ಡ ದನಿಯ ಗಟ್ಟಿ ಹೆಂಗಸು. ಅವರ ಕೆಲಸ ಹೇಗಿದೆಯೆಂದು ಮನೆಮನೆಗೆ ಹೋಗಿ ಕೇಳಿ, ಫಾರಂ ತುಂಬಿ ಅಂಕ ಕೊಡುವುದು ನನ್ನ ಉದ್ಯೋಗ. ಒಂದು ಮನೆಗೆ ಮುಕ್ಕಾಲು ಗಂಟೆ ಎಂಬುದು ನಿಯಮ. ಶಾಂತವ್ವ ಅದನ್ನು ಒಂದು ದಿನವೂ ಪಾಲಿಸಿದವಳಲ್ಲ.

ಧುಪದಾಳದ ಕಲ್ಲವ್ವಜ್ಜಿಯ ಮನೆಯಲ್ಲಂತೂ ಎರಡು ತಾಸು. ಅಜ್ಜಿಗೆ ಕಣ್ಣು ಪೂರ್ತಿ ಹೋಗಿದ್ದವು. ಮಗ, ಸೊಸೆ ಹೊಲಕ್ಕೆ ಹೋದ ಮೇಲೆ ಶಾಂತವ್ವ ಬಂದು ತಲೆ ಬಾಚಿ, ಉಗುರು ತೆಗೆದು, ಅಜ್ಜಿಯನ್ನು ಕೈಹಿಡಿದು ಓಣಿಯ ತುದಿಯವರೆಗೆ ನಡೆಸುತ್ತಿದ್ದಳು. ಯಾರ ಎಮ್ಮೆ ಕರು ಹಾಕಿದೆ, ಯಾರ ಬಾಗಿಲಿಗೆ ಹೊಸ ಬಣ್ಣ ಬಂದಿದೆ ಎಂದು ದಾರಿಯುದ್ದಕ್ಕೂ ಒದರಿ ಹೇಳುತ್ತಿದ್ದಳು. ಇಷ್ಟು ಹೊತ್ತೇಕೆ ಎಂದು ಕೇಳಿದರೆ, “ಕಣ್ಣ ಹೋದ್ರ ಹೋಗ್ಲಿರಿ, ಊರಾದ್ರೂ ಇರಬೇಕಲ್ಲರಿ ಅಕಿಗೆ” ಎನ್ನುವಳು.

ನಾನು ಫಾರಂ ಹಿಡಿದು ಕಲ್ಲವ್ವಜ್ಜಿಯ ಮುಂದೆ ಕುಳಿತ ದಿನ ಹತ್ತನೆಯ ಪ್ರಶ್ನೆಗೆ ಬಂದೆ. ಆರೈಕೆಯವರು ಗೊತ್ತುಮಾಡಿದ ವೇಳೆಗೆ ಕೆಲಸ ಮುಗಿಸಿ ಹೋಗುತ್ತಾರೆಯೇ?

“ಎಲ್ಲಿ ಹೋಗ್ತಾಳವಾ ಲಗೂ! ನಾನ ಹೋಗಂದ್ರೂ ಹೋಗೂದಿಲ್ಲ!” ಅಜ್ಜಿಯ ಬೊಚ್ಚುಬಾಯಿ ತುಂಬ ನಗು.

ಅದು ಹೊಗಳಿಕೆಯೆಂದು ನನಗೆ ಗೊತ್ತಿತ್ತು. ಆದರೂ ‘ಇಲ್ಲ’ ಎಂಬಲ್ಲಿ ಗುರುತು ಹಾಕಿದೆ. ಕೆಳಗೆ ಷರಾ ಬರೆಯಲು ನಾಲ್ಕು ಗೆರೆ ಜಾಗವಿತ್ತು. ಬಸ್ಸಿನ ಹೊತ್ತಾಗಿತ್ತು, ಖಾಲಿ ಬಿಟ್ಟೆ. ಆಕೆ ಹೋಗುತ್ತಿದ್ದ ಉಳಿದ ಮನೆಗಳ ಫಾರಂಗಳಲ್ಲೂ ಹಾಗೆಯೇ ಆಯಿತು.

ಎರಡು ತಿಂಗಳಲ್ಲಿ ಶಾಂತವ್ವನನ್ನು ಕೆಲಸದಿಂದ ಬಿಡಿಸಿದರು. ಸಮಯಪಾಲನೆ ಇಲ್ಲ ಎಂಬುದೇ ಕಾರಣ.

ಮರುವರ್ಷ ಮತ್ತೆ ಧುಪದಾಳಕ್ಕೆ ಹೋದೆ. ಹೊಸಬಳು ವೇಳೆಗೆ ಸರಿಯಾಗಿ ಬಂದು ವೇಳೆಗೆ ಸರಿಯಾಗಿ ಹೋಗುತ್ತಿದ್ದಳು. ಯಾವ ಪ್ರಶ್ನೆ ಕೇಳಿದರೂ ಅಜ್ಜಿ “ಹೂಂ” ಎಂದಳು. ಪೂರ್ತಿ ಅಂಕ. ಏಳುವಾಗ, “ಹೊರಗ ಅಡ್ಡಾಡಾಕ ಹೋಗ್ತೀರೇನ್ರಿ ಅಜ್ಜಿ?” ಎಂದೆ.

“ಹೊರಗ ಏನೈತವಾ?” ಎಂದಳು.

ಶಾಂತವ್ವ ಸಿಕ್ಕಿದ್ದು ಆಮೇಲೆ, ಹುಕ್ಕೇರಿಯಲ್ಲಿ. ಬಸ್‌ಸ್ಟ್ಯಾಂಡಿನ ಬಾಜೂ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಿದ್ದಳು. ನನ್ನನ್ನು ಕಂಡು ಹೊರಗೆ ಓಡಿಬಂದವಳು ಮೊದಲು ಕೇಳಿದ್ದು, “ಕಲ್ಲವ್ವಾಯಿ ಹೆಂಗದಾಳ್ರಿ?”

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅಂದು ಅಜ್ಜಿ ಆಡಿದ ಮಾತು, ನಾನು ಹಾಕಿದ ಗುರುತು, ಬರೆಯದೆ ಬಿಟ್ಟ ಷರಾ.

“ಅಕಿ ಹೊಗಳಾಕತ್ತಾಳ ಅಂತ ನಿಮಗ ಆವತ್ತ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

ಹೋಗ್ಲಿ ಬಿಡ್ರಿ ಎಂದಾಳೆಂದು ಕಾದೆ.

“ಹಂಗಾರ ಬರೀಬೇಕಿತ್ತರಿ ಅಕ್ಕಾರ” ಎಂದಷ್ಟೇ ಹೇಳಿ, ಕೈಗೆ ಹತ್ತಿದ ಹಿಟ್ಟು ಉದುರಿಸಿಕೊಳ್ಳುತ್ತ ಒಲೆಯ ಕಡೆಗೆ ಹೋದಳು.