ಹತ್ತು ಸಹಿಗಳಲ್ಲಿ ಮೊದಲನೆಯದು

ಟೈಲರಕ್ಕನಿಗೆ ಮನುಷ್ಯರ ಸುಳ್ಳು ಹೊಸದಲ್ಲ. ಇಪ್ಪತ್ತಾರು ವರ್ಷದಿಂದ ಎರಡು ಬೀದಿಯವರ ಸೊಂಟ ಅಳೆದವಳು. ಟೇಪು ಸುತ್ತಿದ ಕೂಡಲೇ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವ ಗಂಡಸರಿಗೆ ಅವಳು ಏನೂ ಅನ್ನುವುದಿಲ್ಲ, ಎರಡು ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಾಳೆ. ಪ್ಯಾಂಟು ಸರಿಯಾಗಿ ಕೂತಾಗ ಅವರು ಅವಳ ಕೈಗುಣ ಹೊಗಳುತ್ತಾರೆ. ಇಂಥವಳು ಒಬ್ಬ ಮನುಷ್ಯನ ವಿಷಯದಲ್ಲಿ ಹೀಗೆ ಏಮಾರಿದಳಲ್ಲ ಎಂದು ಹೇಳುವ ನನಗೇ ಸಿಟ್ಟು ಬರುತ್ತದೆ, ಇನ್ನು ಅವಳ ಗತಿ ಕೇಳಬೇಕೆ?

ಆ ಮನುಷ್ಯ ಔಷಧಿ ಅಂಗಡಿಯವರು. ಜ್ವರ, ಕೆಮ್ಮಿಗೆಲ್ಲ ತಾವೇ ಮಾತ್ರೆ ಕೊಟ್ಟು ಕಳಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ‘ಅರ್ಧ ಡಾಕ್ಟರು’. ಅವರು ವಿಧಾನಸಭೆಗೆ ಪಕ್ಷೇತರರಾಗಿ ನಿಲ್ಲುತ್ತಾರೆಂದು ಕೇಳಿ, ಎರಡೂ ದೊಡ್ಡ ಪಕ್ಷಗಳಿಂದ ರೋಸಿಹೋಗಿದ್ದ ಟೈಲರಕ್ಕನಿಗೆ ಹೋದ ಜೀವ ಬಂದಂತಾಯಿತು. ಪಕ್ಷೇತರರ ನಾಮಪತ್ರಕ್ಕೆ ಹತ್ತು ಜನ ಸೂಚಕರು ಸಹಿ ಹಾಕಬೇಕು. ಮೊದಲ ಸಹಿ ಅವಳದು. ಅಷ್ಟಕ್ಕೇ ಬಿಡದೆ, ಮಿಷನ್ನಿಗೆ ಬಟ್ಟೆ ಮುಚ್ಚಿಟ್ಟು ಮೂವತ್ತೊಂದು ಮನೆಯ ಬಾಗಿಲು ತಟ್ಟಿದಳು. “ಇವರು ಯಾವ ಪಕ್ಷದ ಬಾಲವೂ ಅಲ್ಲ, ಅದಕ್ಕೆ ನಾನು ಜವಾಬ್ದಾರಿ” ಎಂದು ಮಾತು ಕೊಟ್ಟು ಬಂದಳು. ಹೇಳಿದ ದಿನಕ್ಕೆ ಬಟ್ಟೆ ಕೊಡುವ ಟೈಲರು ಎಂದರೆ ಅವಳೊಬ್ಬಳೇ. ಅವಳಿಗಿದ್ದ ಆಸ್ತಿ ಆ ಮಾತೇ.

ಎಲ್ಲ ಬಾಗಿಲಲ್ಲೂ ಒಂದೇ ಪ್ರಶ್ನೆ: “ಗೆದ್ದ ಮೇಲೆ ಯಾರ ಕಡೆ ಹೋಗ್ತಾರೆ?” ಅದನ್ನು ಅವಳು ಔಷಧಿ ಅಂಗಡಿಗೆ ಒಯ್ದಳು.

“ಜನರ ಕಡೆ ಅಕ್ಕ,” ಎಂದರು ಅರ್ಧ ಡಾಕ್ಟರು, ಗಾಜಿನ ಮೇಲಿನ ಧೂಳು ಒರೆಸುತ್ತ.

“ಅದು ಸರಿ ಡಾಕ್ಟ್ರೇ. ಸರ್ಕಾರ ಮಾಡೋಕೆ ಒಂದು ಸೀಟು ಕಮ್ಮಿ ಬಿತ್ತು ಅಂದ್ಕೊಳ್ಳಿ. ಎರಡೂ ಕಡೆಯವರು ಬಂದು ಕರೀತಾರೆ. ಆಗ?”

“ಆಗ ಜನರನ್ನೇ ಕೇಳೋಣ.”

ಎರಡನೇ ಸಲ ಕೇಳಿದಾಗ “ಸಮಯ ಬಂದಾಗ ನೋಡೋಣ” ಎಂದರು. ಮೂರನೇ ಸಲ ಕೇಳಿದಾಗ, ನಿಮಗೆ ಬಿ.ಪಿ. ಹೆಚ್ಚಾದ ಹಾಗಿದೆ, ಕೂತ್ಕೊಳ್ಳಿ ನೋಡ್ತೀನಿ ಎಂದು ತೋಳಿಗೆ ಪಟ್ಟಿ ಕಟ್ಟಿಯೇಬಿಟ್ಟರು. ಬಿ.ಪಿ. ನಿಜವಾಗಿಯೂ ಹೆಚ್ಚಿತ್ತು. ಉತ್ತರದ ಬದಲು ಮಾತ್ರೆ ಹಿಡಿದು ಮನೆಗೆ ಬಂದ ಹೆಂಡತಿಯನ್ನು ನೋಡಿ ಗಂಡ, “ನನ್ನ ಕೇಳಿದ್ರೆ...” ಎಂದು ಶುರುಮಾಡಿದ. “ನಿಮ್ಮನ್ನ ಯಾರೂ ಕೇಳ್ಲಿಲ್ಲ,” ಎಂದು ಅವನ ಬಾಯಿ ಮುಚ್ಚಿಸಿದಳು.

ನಾಮಪತ್ರ ಹಿಂತೆಗೆದುಕೊಳ್ಳುವ ಕೊನೆಯ ದಿನ ಮಧ್ಯಾಹ್ನ ಅರ್ಧ ಡಾಕ್ಟರು ತಾವೇ ಅವಳ ಅಂಗಡಿಗೆ ಬಂದರು. ಕೈಯಲ್ಲಿ ಒಂದು ಲಕೋಟೆ.

“ಅಕ್ಕ, ಮೂರು ಗಂಟೆ ಒಳಗೆ ಇದನ್ನ ಚುನಾವಣಾ ಕಚೇರಿಗೆ ಕೊಡ್ಬೇಕು. ನಾನು ಹೋದ್ರೆ ಪೇಪರ್‌ನವರು ಮುತ್ಕೋತಾರೆ. ಸೂಚಕರು ಕೊಟ್ರೂ ನಡೆಯುತ್ತೆ, ನಿಮ್ಮ ಹೆಸರಿಗೇ ಬರೆದುಕೊಟ್ಟಿದ್ದೀನಿ.”

ಕಣದಿಂದ ಹಿಂದೆ ಸರಿಯುವ ಪತ್ರ. ಟೈಲರಕ್ಕನ ಕಾಲು ಪೆಡಲಿನ ಮೇಲೇ ನಿಂತುಬಿಟ್ಟಿತು.

“ಯಾಕೆ?”

“ನಾನು ನಿಂತ್ರೆ ಸುಮ್ನೆ ವೋಟು ಒಡೆಯುತ್ತೆ ಅಕ್ಕ.”

“ಯಾರ ವೋಟು?”

ಅರ್ಧ ಡಾಕ್ಟರು ಮಿಷನ್ನಿನ ಮೇಲಿದ್ದ ದಾರದ ಉಂಡೆ ಎತ್ತಿ ತಿರುಗಿಸಿ ನೋಡತೊಡಗಿದರು. ಯಾರ ಕಡೆಯೂ ಅಲ್ಲದವನಿಗೆ ಇಂಥವರ ವೋಟು ಒಡೆದೀತು ಎಂಬ ಚಿಂತೆ ಎಲ್ಲಿಂದ ಬರಬೇಕು?

“ಆಡಳಿತ ಪಕ್ಷದವರದ್ದಾ?”

“ನಮ್ಮಪ್ಪನ ಕಾಲದಿಂದ ನಾವು ಅವರ ಕಡೆಯೇ,” ಎಂದರು ಕೊನೆಗೆ. “ಈ ಸಲ ಟಿಕೆಟ್ ಕೊಡ್ಲಿಲ್ಲ, ಸ್ವಲ್ಪ ಬಿಸಿ ಮುಟ್ಟಿಸೋಣ ಅಂತ ನಿಂತೆ. ಈಗ ಕರೆದು ಮಾತಾಡಿದ್ದಾರೆ. ಅವರೇನು ಕೆಟ್ಟವರಲ್ಲ ಅಕ್ಕ.”

ಲಕೋಟೆಯನ್ನು ಹರಿದು ಅವರ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಕಚೇರಿಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತಳು. ಎರಡೂವರೆ ಆಯಿತು, ಎರಡೂ ಮುಕ್ಕಾಲು ಆಯಿತು. ಮೂರು ದಾಟಿಸಿಬಿಡೋಣ, ಕಣದಲ್ಲೇ ಸಿಕ್ಕಿಬಿದ್ದು ಒದ್ದಾಡಲಿ ಎಂದು ಹಟ ಬಂತು. ಆದರೆ ಹೆಸರು ಉಳಿದರೆ ತನ್ನ ಮಾತು ನಂಬಿದವರು ಅದಕ್ಕೇ ವೋಟು ಒತ್ತುತ್ತಾರೆ, ಆ ಪುಣ್ಯಾತ್ಮ ಅದನ್ನು ಹೊತ್ತುಕೊಂಡು ಹೋಗಿ ಆಡಳಿತ ಪಕ್ಷದವರ ಮನೆ ಬಾಗಿಲಲ್ಲೇ ಇಳಿಸುತ್ತಾನೆ. ಹೇಗೆ ಕತ್ತರಿಸಿದರೂ ಬಟ್ಟೆ ಸಾಲದು. ಮೂರಕ್ಕೆ ಐದು ನಿಮಿಷವಿದ್ದಾಗ ಒಳಗೆ ಹೋಗಿ ಕೊಟ್ಟಳು. ಅಧಿಕಾರಿ ಗಡಿಯಾರ ನೋಡಿ ಸಮಯ ಬರೆದುಕೊಂಡ, ಅವಳ ಮುಖ ನೋಡಲಿಲ್ಲ.

ಅಲ್ಲಿಂದ ನೆಟ್ಟಗೆ ಬೀದಿಗೆ. ಮಾತು ಕೊಟ್ಟವಳು ತಾನು, ತಪ್ಪಾಯಿತು ಎಂದು ಹೇಳಬೇಕಾದವಳೂ ತಾನೇ. ಮೊದಲ ಮನೆ ಮೂಲೆಮನೆ ಅಜ್ಜಿಯದು. ಅಜ್ಜಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು.

“ಅಷ್ಟೇನಾ? ಅವನು ಆಡಳಿತ ಪಕ್ಷದವನು ಅಂತ ಇಡೀ ಬೀದಿಗೆ ಗೊತ್ತಿತ್ತಲ್ಲೇ.”

“ಗೊತ್ತಿತ್ತಾ? ಮತ್ತೆ ಎಲ್ಲರೂ ನನ್ನ ಹತ್ರ ಯಾರ ಕಡೆ, ಯಾರ ಕಡೆ ಅಂತ ಕೇಳಿದ್ದು?”

“ನೀನು ಏನು ಹೇಳ್ತೀಯ ನೋಡೋಣ ಅಂತ.”

“ನನಗೊಂದು ಮಾತು ಹೇಳೋದಲ್ವಾ ಅಜ್ಜಿ?”

“ನಿನಗೇನು ಹೇಳೋದು? ಮೊದಲ ಸಹಿ ಹಾಕಿದವಳು ನೀನು. ನೀನೂ ಆ ಪಕ್ಷದವಳೇ ಅಂದ್ಕೊಂಡಿದ್ವಿ.” ಅಜ್ಜಿ ಅವಳ ತೋಳು ಹಿಡಿದು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದಳು. “ಈಗಲಾದ್ರೂ ನಿಜ ಹೇಳು, ಯಾರಿಗೂ ಹೇಳಲ್ಲ. ನೀನು ಯಾರ ಕಡೆ?”

“ಯಾರ ಕಡೆಯೂ ಅಲ್ಲ ಅಜ್ಜಿ.”

“ಆಯ್ತು ಬಿಡು, ಹೇಳೋಕೆ ಇಷ್ಟವಿಲ್ಲದಿದ್ರೆ ಬೇಡ,” ಎಂದು ಅಜ್ಜಿ ನಕ್ಕು ಒಳಗೆ ಹೋದಳು.