ಮೊದಲು ನಿದ್ದೆ, ಎದ್ದ ಮೇಲೆ ಮನೆ

ಆ ಫೆಬ್ರವರಿಯ ಬೆಳಿಗ್ಗೆ ಟಿವಿಯಲ್ಲಿ ಖಾರ್ಕಿವ್ ನಗರದ ಮೇಲೆ ಹೊಗೆ ಏಳುವುದನ್ನು ನೋಡಿದಾಗ ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ನನ್ನ ಕಾಕಾನ ಮಗಳು, ನನಗಿಂತ ಒಂದೇ ವರ್ಷ ಸಣ್ಣವಳು, ಉಕ್ರೇನಿನ ಆ ಊರಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಕುರಕುಂಟಾದ ನಮ್ಮ ಮನೆಯವರೆಲ್ಲ ಟಿವಿ ಮುಂದೆ ನಿಂತಿದ್ದರು. ಅವಳ ತಾಯಿ, ನಮ್ಮ ಸಣ್ಣವ್ವ, ಜೋಳದ ಹಿಟ್ಟು ಹತ್ತಿದ ಕೈಯಲ್ಲೇ ನೆಲಕ್ಕೆ ಕುಸಿದು ಕೂತಿದ್ದಳು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. 'ಇನ್ನ ಹ್ಯಾಂಗ ಡಾಕ್ಟರ್ ಆಗ್ತಾಳ ನೋಡೋಣು' ಎಂದು ನನ್ನೊಳಗೆ ಯಾರೋ ಅಂದರು. ಯಾರೋ ಏನು, ನಾನೇ ಅಂದೆ. ಮರುಗಳಿಗೆ ಎಲ್ಲರಿಗಿಂತ ಜೋರಾಗಿ ಅತ್ತವಳೂ ನಾನೇ.

ನಾವಿಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಪುಸ್ತಕ ನಡುವೆ ಇಟ್ಟುಕೊಂಡು ಓದಿದವರು. ಮೆಡಿಕಲ್ ಪರೀಕ್ಷೆ ಬರೆದಾಗ ನನಗೂ ಸೀಟು ಸಿಗಲಿಲ್ಲ, ಅವಳಿಗೂ ಸಿಗಲಿಲ್ಲ. ಕಾಕಾ ಮಗಳನ್ನು ಹೊರದೇಶಕ್ಕೆ ಕಳಿಸಿದ. ನಮ್ಮಪ್ಪ, "ಹೆಣ್ಣಮಗಳು, ಅಷ್ಟು ದೂರ ಬ್ಯಾಡ" ಅಂದ. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದೆ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ. ಮಳಖೇಡ ದಾಟುವಾಗ ಗಿಡದ ಎಲೆಗಳ ಮೇಲೆಲ್ಲ ಸಿಮೆಂಟಿನ ಬಿಳಿ ಧೂಳು. ಅದೇ ಹೊತ್ತಿಗೆ ಅವಳು ಹಿಮದಲ್ಲಿ ನಿಂತ ಫೋಟೋ ಕಳಿಸುತ್ತಿದ್ದಳು. ಒಮ್ಮೆ ಬಿಳಿ ಕೋಟು ಹಾಕಿಕೊಂಡ ಫೋಟೋ ಬಂತು. ಕೋಟಿನ ಜೇಬಿನ ಮೇಲೆ ಅವಳ ಹೆಸರು ಖರೇ ಹೊಲಿದಿದೆಯೋ ಇಲ್ಲವೋ ಎಂದು ನಾನು ಗಾಡಿಯಲ್ಲಿ ಕೂತು ಆ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ಹೊಲಿದಿತ್ತು. ಅವತ್ತು ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕಾರಣವಿಲ್ಲದೆ ಬೈದೆ.

ಯುದ್ಧ ಶುರುವಾದ ಮೇಲೆ ಅವಳು ಎಂಟು ದಿನ ನೆಲಮಾಳಿಗೆಯಲ್ಲಿದ್ದಳು. ಆಮೇಲೆ ನಿಂತುಕೊಂಡೇ ರೈಲಿನಲ್ಲಿ ಗಡಿ ದಾಟಿ, ದಿಲ್ಲಿ, ಹೈದರಾಬಾದ್ ಆಗಿ ಸೇಡಂ ಸ್ಟೇಷನ್ನಿನಲ್ಲಿ ಇಳಿದಳು. ಹಾರ ಹಾಕಿದರು, ಶಾಲು ಹೊದಿಸಿದರು, ಟಿವಿಯವರು ಮೈಕು ಹಿಡಿದರು. ನಾನು ಅವಳ ಚೀಲ ಹಿಡಿದು ಹಿಂದೆ ನಿಂತಿದ್ದೆ. ಮರುದಿನದ ಪೇಪರಿನ ಫೋಟೋದಲ್ಲಿ ನನ್ನ ಅರ್ಧ ಮುಖ ಬಂದಿತ್ತು. ಸಾವಿನ ಬಾಯಿಂದ ತಂಗಿ ವಾಪಸ್ ಬಂದಿದ್ದಳು. ನಾನು ನೋಡಿದ್ದು ಆ ಅರ್ಧ ಮುಖವನ್ನು.

ಅವಳು ಮತ್ತೆ ನನ್ನ ಕೋಣೆಗೇ ಬಂದಳು. ಒಂದು ಮಧ್ಯಾಹ್ನ ಊರ ಪಕ್ಕದ ಕಲ್ಲಿನ ಗಣಿಯಲ್ಲಿ ಸಿಡಿಮದ್ದು ಹಾರಿತು. ನಮಗೆಲ್ಲ ಅದು ಗಡಿಯಾರದ ಗಂಟೆ ಇದ್ದಂತೆ, ಹುಟ್ಟಿದಾಗಿನಿಂದ ಕೇಳಿದ್ದೇವೆ. ಊಟ ಮಾಡುತ್ತಿದ್ದ ಅವಳು ತಾಟು ಬಿಟ್ಟು ಮಂಚದ ಕೆಳಗೆ ಹೋದಳು. ನಾನು ಬಗ್ಗಿ ನೋಡಿದಾಗ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದಳು.

"ಅಕ್ಕಾ, ಯಾರಿಗೂ ಹೇಳಬ್ಯಾಡ," ಅಂದಳು. "ನಿದ್ದಿ ಬರವಲ್ದು. ಬಂದ್ರೂ ಚೀರಿ ಏಳತೀನಿ. ಡಾಕ್ಟರ್ ಆಗಾಕಿ ಹಿಂಗ ಹೆದರತಾಳ ಅಂದಾರು."

"ನಾ ಯಾಕ ಹೇಳಲಿ?" ಅಂದೆ. ಹಾಗೆ ಅಂದಾಗ ಹೇಳುವ ಮನಸ್ಸಿರಲಿಲ್ಲ, ಅದು ಸತ್ಯ.

ಅವಳ ಕಲಿಕೆ ಫೋನಿನಲ್ಲಿ ನಡೆಯಿತು. ಅಲ್ಲಿ ಕರೆಂಟು ಇದ್ದ ದಿನ ಕ್ಲಾಸು, ಇಲ್ಲದ ದಿನ ಇಲ್ಲ. ಕ್ಲಾಸಿಗಿಂತ ಹೆಚ್ಚು ಅವಳು ಕಾಯುತ್ತಿದ್ದದ್ದು ಒಬ್ಬ ಮುದುಕಿಯ ಫೋನಿಗೆ. ಖಾರ್ಕಿವ್‌ನಲ್ಲಿ ಅವಳಿಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದಾಕೆ ಆ ಮುದುಕಿ. ತಂಗಿ ಆಕೆಯನ್ನು 'ಬಾಬೂಸ್ಯ' ಅಂತ ಕರೆಯುತ್ತಿದ್ದಳು. ಅವರ ಮಾತಿನಲ್ಲಿ ಅಜ್ಜಿ ಅಂತ ಅರ್ಥವಂತೆ. ಮುದುಕಿಯ ಊರಿನ ಮನೆ ಇದ್ದದ್ದು ದಕ್ಷಿಣದ ಒಂದು ಹಳ್ಳಿಯಲ್ಲಿ. ಗಂಡನ ಸಮಾಧಿಯೂ ಅಲ್ಲೇ. ಆ ಹಳ್ಳಿಯನ್ನು ದಾಳಿ ಮಾಡಿದ ಸೇನೆ ಹಿಡಿದುಕೊಂಡಿತ್ತು. ತಂಗಿ ಆ ಪರದೇಶದ ಮಾತಿನಲ್ಲಿ ಅವಳ ಜೊತೆ ಪಿಸಪಿಸ ಮಾತಾಡುವಳು, ನಗುವಳು, ಅಳುವಳು. ನನ್ನ ಕೋಣೆಯಲ್ಲಿ, ನನ್ನ ಪಕ್ಕದಲ್ಲಿ ಕೂತು, ನನಗೆ ತಿಳಿಯದ ಮಾತಿನಲ್ಲಿ. ಸಣ್ಣವಳಿದ್ದಾಗಿನಿಂದ ಹೊರದೇಶಕ್ಕೆ ಹೋಗುವವರೆಗೂ ಅವಳ ತಲೆಗೆ ಹೆರಳು ಹಾಕಿದವಳು ನಾನು. ಆ ಮುದುಕಿಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಆ ಮಳೆಗಾಲದಲ್ಲಿ ಶಹಾಬಾದಿನಿಂದ ಅವಳಿಗೆ ಒಂದು ಸಂಬಂಧ ಬಂತು. ವರನಿಗೆ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ. ನೋಡಲು ಬಂದ ದಿನ ಇಬ್ಬರೂ ಅಂಗಳದಲ್ಲಿ ಅರ್ಧ ಗಂಟೆ ಮಾತಾಡಿದರು. ಅವರು ಹೋದ ಮೇಲೆ ತಂಗಿ ಸಂಜೆಯವರೆಗೂ ತನ್ನಷ್ಟಕ್ಕೆ ನಗುತ್ತಿದ್ದಳು. ಬಂದಾಗಿನಿಂದ ಅವಳು ಹಾಗೆ ನಕ್ಕಿರಲಿಲ್ಲ. ನನಗಿನ್ನೂ ಸಂಬಂಧ ಕೂಡಿ ಬಂದಿರಲಿಲ್ಲ ಎನ್ನುವುದನ್ನೂ ಇಲ್ಲಿ ಹೇಳಬೇಕು.

ವರನ ಅಕ್ಕ ನಮ್ಮ ಶಾಲೆಯಲ್ಲೇ ಕನ್ನಡ ಕಲಿಸುತ್ತಿದ್ದರು. ಒಂದು ದಿನ ಊಟದ ಡಬ್ಬಿ ಬಿಚ್ಚುತ್ತಾ ಕೇಳಿದರು: "ಹುಡುಗಿ ಹ್ಯಾಂಗ ಅದಾಳ್ರಿ? ನೀವೇ ಖರೇ ಹೇಳಬೇಕು ನೋಡ್ರಿ."

"ಹುಡುಗಿ ಭಾಳ ಛಲೋ ಅದಾಳ್ರಿ," ಅಂದೆ. "ಆದ್ರ..."

ಅಲ್ಲಿ ನಿಲ್ಲಿಸಿದೆ. ಬೇಕಂತಲೇ ನಿಲ್ಲಿಸಿದೆ.

"ಆದ್ರ ಏನ್ರಿ?"

ಗಣಿಯ ಸದ್ದು, ಮಂಚದ ಕೆಳಗೆ ಅಡಗುವುದು, ನಿದ್ದೆಯಲ್ಲಿ ಚೀರುವುದು, ಎಲ್ಲ ಹೇಳಿದೆ. "ಪಾಪ, ತಲಿ ಮ್ಯಾಲ ಸ್ವಲ್ಪ ಪರಿಣಾಮ ಆಗ್ಯಾದ್ರಿ. ಡಿಗ್ರಿನೂ ಮುಗೀತದೋ ಇಲ್ಲೋ," ಅಂದೆ. ಪಾಪ ಅನ್ನುವ ಮಾತನ್ನು ಎಷ್ಟು ಮೆತ್ತಗೆ ಅಂದೆನೆಂದರೆ ನನಗೇ ಅವಳ ಮೇಲೆ ಕರುಣೆ ಬಂತು.

ಒಂದು ವಾರದಲ್ಲಿ ಅವರ ಮನೆಯಿಂದ, ಸದ್ಯ ಮದುವೆಯ ವಿಚಾರ ಇಲ್ಲ ಎಂದು ಹೇಳಿ ಕಳಿಸಿದರು. ನಾಲ್ಕು ತಿಂಗಳಿಗೆ ಆ ಹುಡುಗನ ಮದುವೆ ಬೇರೆ ಕಡೆ ಆಯಿತು. ಸಣ್ಣವ್ವ ಬಂದವರ ಮುಂದೆಲ್ಲ ಆ ಮನೆಯವರನ್ನು ಶಪಿಸಿದಳು. ತಂಗಿ ಅಂಗಳಕ್ಕೆ ಬರುವುದನ್ನು ಕಡಿಮೆ ಮಾಡಿದಳು, ಅಷ್ಟೇ.

ಮರುವರ್ಷ ನಮ್ಮ ಹೆಡ್ ಮಾಸ್ತರರು ನನ್ನನ್ನು ಕರೆದು, "ಮೇಡಂ, ನಿಮ್ಮ ತಂಗಿನ್ನ ಒಮ್ಮೆ ಕರಕೊಂಡು ಬರ್ರಿ. ಮಕ್ಕಳಿಗಿ ಶಾಂತಿ ಬಗ್ಗೆ ನಾಕು ಮಾತು ಹೇಳ್ಲಿ," ಅಂದರು. ಎರಡು ವರ್ಷ ಆ ಶಾಲೆಯಲ್ಲಿ ದುಡಿದ ನನ್ನನ್ನು ಅವರು ವೇದಿಕೆಗೆ ಕರೆದದ್ದು ಮೈಕಿನ ವೈರು ಸರಿ ಮಾಡಲು ಮಾತ್ರ. ಆದರೂ ಕರೆದುಕೊಂಡು ಹೋದೆ.

ಅವಳು ಚೆನ್ನಾಗಿ ಮಾತಾಡಿದಳು. ಭಾಷಣ ಮಾಡಲಿಲ್ಲ, ನೆಲಮಾಳಿಗೆಯಲ್ಲಿ ಒಂದು ಬಾಟಲಿ ನೀರನ್ನು ಎಂಟು ಜನ ಹೇಗೆ ಕುಡಿದರು ಅನ್ನುವುದನ್ನು ಹೇಳಿದಳು. ಮುದುಕಿಯ ಮನೆಯ ವಿಷಯವನ್ನೂ ಹೇಳಿದಳು. ಕೊನೆಗೆ ಒಬ್ಬ ಹುಡುಗಿ ಎದ್ದು ಕೇಳಿದಳು: "ಅಕ್ಕೋರೆ, ಇಬ್ಬರೂ ಜಗಳ ಬಿಟ್ಟು ಸುಮ್ಮ ಯಾಕ ಆಗವಲ್ರು?"

"ನಿಮ್ಮ ಮನಿಗಿ ಯಾರೋ ನುಗ್ಗಿ ನಡುಮನ್ಯಾಗ ಕುಂತಾರ ಅನ್ಕೋ," ಅಂದಳು ತಂಗಿ. "ನೀವೆಲ್ಲ ಹೊರಗ ಅಂಗಳದಾಗ ನಿಂತೀರಿ. ಓಣಿ ಮಂದಿ ಬಂದು, ಆತು, ಇನ್ನ ಜಗಳ ಬ್ಯಾಡ, ಯಾರು ಎಲ್ಲಿದ್ದೀರಿ ಅಲ್ಲೇ ಇರ್ರಿ ಅಂದ್ರ ಏನ್ ಮಾಡ್ತಿ?"

"ನಾ ಒಪ್ಪಂಗಿಲ್ರಿ," ಅಂದಳು ಹುಡುಗಿ.

"ಆ ಮುದುಕಿನೂ ಒಪ್ಪಂಗಿಲ್ಲ. ಗುಂಡು ನಿಲ್ಲೋದು ಬ್ಯಾರೆ, ಶಾಂತಿ ಬ್ಯಾರೆ."

ಹಾಲ್ ತುಂಬ ಚಪ್ಪಾಳೆ. ನನ್ನ ಮಕ್ಕಳು ನನ್ನ ಕ್ಲಾಸಿನಲ್ಲಿ ಒಮ್ಮೆಯೂ ಹಾಗೆ ಕೂತು ಕೇಳಿರಲಿಲ್ಲ. ನಾನು ಮೂಲೆಯಿಂದ ಎದ್ದು ನಿಂತೆ.

"ದಿನಾ ಮಂದಿ ಸಾಯ್ಲಿಕತ್ತಾರ," ಅಂದೆ. "ಮೊದಲು ಅದು ನಿಲ್ಲಲಿ. ಮನಿ ಆಮ್ಯಾಲ ಕೇಳಬಹುದು, ಸತ್ತವರು ತಿರುಗಿ ಬರತಾರೇನು? ಇಲ್ಲಿ ಬೆಚ್ಚಗ ಕುಂತು ನ್ಯಾಯ ಬೇಕು ಅನ್ನೋದು ಸುಲಭ ಅದ."

ಅವಳು ಮೈಕನ್ನು ಹೆಡ್ ಮಾಸ್ತರರ ಕೈಗೆ ಕೊಟ್ಟಳು. ನನ್ನ ಮಾತು ತಪ್ಪೇನಲ್ಲ. ಇವತ್ತಿಗೂ ನನಗೆ ಹಾಗೇ ಅನ್ನಿಸುತ್ತದೆ. ಆದರೆ ಸಾಯುವವರ ಸಲುವಾಗಿ ನಾನು ಎದ್ದಿರಲಿಲ್ಲ. ಆ ಚಪ್ಪಾಳೆ ನಿಲ್ಲಿಸಲು ಎದ್ದಿದ್ದೆ.

ಆಮೇಲೆ ಸ್ಟಾಫ್ ರೂಮಿನಲ್ಲಿ ಚಹಾ. ಶಹಾಬಾದಿನ ಆ ಮೇಡಂ, ಆ ವರನ ಅಕ್ಕ, ತಂಗಿಯ ಪಕ್ಕ ಕೂತು, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: "ಈಗ ನಿದ್ದಿ ಹತ್ತತದಿಲ್ರಿ? ಗಣಿ ಸಪ್ಪಳಕ್ಕ ಇನ್ನೂ ಹೆದರತೀರೇನು?"

ತಂಗಿ ಕಪ್ಪು ಕೆಳಗಿಟ್ಟು ನನ್ನ ಕಡೆ ನೋಡಿದಳು.

ವಾಪಸ್ ಬರುವಾಗ ಗಾಡಿಯಲ್ಲಿ ಎದುರುಬದುರು ಕೂತೆವು. ಮಳಖೇಡ ದಾಟಿತು. ಆಮೇಲೆ ಅವಳು ಕೇಳಿದಳು: "ನೀನೇ ಹೇಳಿದ್ದೇನು?"

"ಹೂಂ."

"ಯಾಕ?"

"ಆಗಿದ್ದು ಆಗಿ ಹೋತು, ಬಿಡು. ನಾವು ಅಕ್ಕ ತಂಗಿ. ಇಷ್ಟಕ್ಕ ಮಾತು ಬಿಡ್ತಾರೇನು? ಮರತು ಬಿಡು," ಅಂದೆ.

"ಆತಲ್ಲ, ನಿಂಗ ಹಗುರಾತು," ಅಂದಳು. "ನಾ ಏನು ಕಳಕೊಂಡೀನಿ ಅನ್ನೋದನ್ನ ಕೇಳೋದೂ ಬ್ಯಾಡ. ಮರೀಬೇಕಾದಾಕಿ ನಾ."

ಸೇಡಂನಲ್ಲಿ ಜನ ಹತ್ತಿದರು, ಮಾತು ನಿಂತಿತು. ಮನೆಗೆ ಹೋದ ಕೂಡಲೇ ತಂಗಿ ತನ್ನ ಹಾಸಿಗೆ ಸುತ್ತಿಕೊಂಡು ಸಣ್ಣವ್ವನ ಕೋಣೆಗೆ ಹೋದಳು. ಕಾರಣ ಯಾರಿಗೂ ಹೇಳಲಿಲ್ಲ. ಆರು ತಿಂಗಳು ನಮ್ಮ ನಡುವೆ ಮಾತಿಲ್ಲ. ಜಗಳವೂ ಇಲ್ಲ. "ಇಬ್ಬರೂ ದೊಡ್ಡವರಾದ್ರು, ಶಾಂತ ಆಗ್ಯಾರ," ಎಂದು ನಮ್ಮವ್ವ ಓಣಿಯವರಿಗೆ ಹೇಳುತ್ತಿದ್ದಳು.

ತೊಗರಿ ರಾಶಿ ಮುಗಿದ ಮೇಲೆ ಒಂದು ಮಧ್ಯಾಹ್ನ ಸಣ್ಣವ್ವನ ಜೊತೆ ಕೂತು ತೊಗರಿ ಹಸನು ಮಾಡುತ್ತಿದ್ದೆ. ಮೊರದಲ್ಲಿ ಕೇರುತ್ತಾ ಅವಳು ಮತ್ತೆ ಶುರು ಮಾಡಿದಳು: "ಶಹಾಬಾದಿನವರ ಮನಿ ಹಾಳಾಗ. ನನ್ನ ಮಗಳಾಗ ಏನು ಕಡಿಮಿ ಇತ್ತು?" ಅದನ್ನು ನಾನು ನೂರು ಸಲ ಕೇಳಿದ್ದೆ. ಅವತ್ತು ತಡೆಯಲಾಗಲಿಲ್ಲ.

"ಸಣ್ಣವ್ವಾ, ಅವರದೇನೂ ತಪ್ಪಿಲ್ಲ. ನಾ ಹೇಳಿ ಕೆಡಸೀನಿ," ಅಂದೆ. ಎಲ್ಲವನ್ನೂ ಹೇಳಿದೆ. ಟಿವಿ ನೋಡಿದ ಬೆಳಿಗ್ಗೆ ನನ್ನ ಮನಸ್ಸಿನಲ್ಲಿ ಬಂದದ್ದನ್ನೂ ಬಿಡಲಿಲ್ಲ.

ಅವಳ ಮೊರ ನಿಂತಿತು. ಹೊಡೆಯುತ್ತಾಳೆ ಅಂದುಕೊಂಡೆ. "ವರ್ಷದ ಮ್ಯಾಲಾತು, ಆ ಮಂದಿಗಿ ಶಾಪ ಹಾಕೀನಿ," ಅಂದಳು. "ಅದನ್ನ ಹ್ಯಾಂಗ ತಿರುಗಿ ತಗೊಳ್ಳಲಿ ಹೇಳು."

ಸಂಜೆ ತಂಗಿ ನನ್ನ ಕೋಣೆಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. "ಅವ್ವಗ ಹೇಳಿದಿ. ಆ ಮೇಡಂಗೂ ಹೇಳು," ಅಂದಳು.

ಮರುದಿನ ಹೇಳಿದೆ. ಮೇಡಂ ನನ್ನನ್ನೇ ನೋಡುತ್ತಾ, "ನೀವ್ ಹೇಳಿದ್ದು ಸುಳ್ಳಂತೂ ಅಲ್ಲಲ್ರಿ," ಅಂದರು.

"ಸುಳ್ಳಲ್ರಿ. ಆದ್ರ ಅಕಿ ನನ್ನ ನಂಬಿ ಹೇಳಿದ್ದಳು. ಅಕಿದು ಕೆಡಲಿ ಅಂತನೇ ನಾ ನಿಮಗ ಹೇಳಿದ್ದು."

ಅವರು ಆಮೇಲೆ ನನ್ನ ಜೊತೆ ಊಟಕ್ಕೆ ಕೂಡ್ರುವುದನ್ನು ಬಿಟ್ಟರು. ಶಾಲೆಯಲ್ಲಿ ಸುದ್ದಿ ಹರಡಿತು. ಹರಡುವುದು ಹೇಗಿರುತ್ತದೆ ಅಂತ ನನಗೂ ಗೊತ್ತಾಗಬೇಕಿತ್ತು. ಹೋದ ಸಂಬಂಧವಂತೂ ತಿರುಗಿ ಬರುವಂತಿರಲಿಲ್ಲ. ಆ ಹುಡುಗನಿಗೆ ಅಷ್ಟೊತ್ತಿಗೆ ಕೂಸು ಹುಟ್ಟಿತ್ತು.

ತಂಗಿಗೆ ಕೊನೆಯ ವರ್ಷವನ್ನು ಬೇರೊಂದು ದೇಶದಲ್ಲಿ ಮುಗಿಸಲು ಅವಕಾಶ ಸಿಕ್ಕಿತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳೇ ನನ್ನನ್ನು ಕರೆದು ಫೋನಿನ ಮುಂದೆ ಕೂಡ್ರಿಸಿದಳು. ಮುದುಕಿ ವಿಡಿಯೋದಲ್ಲಿ ಬಂದಿದ್ದಳು. ಬಣ್ಣದ ತಲೆವಸ್ತ್ರ, ಬೊಚ್ಚು ಬಾಯಿ, ಕಿಟಕಿಗೆ ಗಾಜಿನ ಬದಲು ಹಲಗೆ. ತಂಗಿ ನನ್ನನ್ನು ತೋರಿಸಿ ಏನೋ ಅಂದಳು. 'ಅಕ್ಕ' ಎಂದಿರಬೇಕು, ಮುದುಕಿ ನಕ್ಕು ಕೈ ಬೀಸಿದಳು.

"ನಿಂಗ ಏನರ ಕೇಳೋದಿದ್ರ ಕೇಳು. ನಾ ಹೇಳ್ತೀನಿ," ಅಂದಳು ತಂಗಿ.

"ನಾಳೆನೇ ಯುದ್ಧ ನಿಂತ್ರ ಏನ್ ಮಾಡ್ತೀರಿ ಅಂತ ಕೇಳು."

ಮುದುಕಿ ಯೋಚಿಸಲೂ ಇಲ್ಲ. ಅವಳು ಅಂದದ್ದನ್ನು ತಂಗಿ ನಿಧಾನವಾಗಿ ಹೇಳಿದಳು: "ಮೊದಲು ನಿದ್ದಿ ಮಾಡ್ತೀನಿ ಅಂತಾಳ. ಎರಡು ದಿನ ಎಬ್ಬಿಸಬ್ಯಾಡ್ರಿ ಅಂತ. ಎದ್ದ ಮ್ಯಾಲ ನನ್ನ ಮನಿ ಕೇಳ್ತೀನಿ ಅಂತಾಳ."

"ಮನಿ ಕೊಡದಿದ್ರ?"

ಈ ಸಲ ಮುದುಕಿ ಉದ್ದ ಮಾತಾಡಿದಳು. ತಂಗಿಯ ದನಿ ಸಣ್ಣದಾಯಿತು. "ಈ ಯುದ್ಧಕ್ಕಿಂತ ಹಿಂದೂ ಒಮ್ಮೆ ಅವರು ಬಂದಿದ್ರಂತ, ಆಗ ಕಾಗದದ ಮ್ಯಾಲ ಸಹಿ ಆಗಿತ್ತಂತ. ನಾವು ಬಾಗಲಾ ರಿಪೇರಿ ಮಾಡಿಸಿದ್ವಿ, ಗಿಡ ಹಚ್ಚಿದ್ವಿ, ಅವರು ಮತ್ತ ಬಂದ್ರು ಅಂತಾಳ. ಮಾಡಿದವರು ಮಾಡೀವಿ ಅಂತ ಒಪ್ಪಬೇಕಂತ. ಮತ್ತ ಬರದಂಗ ಗಟ್ಟಿ ಆಗಬೇಕಂತ. ಇಲ್ಲಾಂದ್ರ ನಿದ್ದಿ ಹತ್ತಂಗಿಲ್ಲ, ಬರೇ ಕಣ್ಣು ಮುಚ್ಚಿದಂಗ ಅಂತಾಳ."

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಶಾಲೆಯಲ್ಲಿ ನಾನು ಅಂದದ್ದೂ ಅವಳು ಅಂದದ್ದೂ ಆ ಮುದುಕಿಯ ಮಾತಿನಲ್ಲಿ ಒಟ್ಟಿಗೆ ಇದ್ದವು.

ತಂಗಿ ಓದು ಮುಗಿಸಿ ಬಂದಳು, ಇಲ್ಲಿನ ಪರೀಕ್ಷೆಯನ್ನೂ ಪಾಸು ಮಾಡಿದಳು. ಈಗ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ತರಬೇತಿಯಲ್ಲಿದ್ದಾಳೆ. ಟಿವಿಯಲ್ಲಿ ಮಾತುಕತೆಯ ಸುದ್ದಿ ಬರುತ್ತದೆ, ಹೋಗುತ್ತದೆ. ಮುದುಕಿ ಇನ್ನೂ ಆ ಹಲಗೆ ಹೊಡೆದ ಕಿಟಕಿಯ ಹಿಂದೆಯೇ ಇದ್ದಾಳೆ. ಜನ ತಂಗಿಯನ್ನು 'ಡಾಕ್ಟರ್ ಬಾಯಿ' ಅಂದಾಗ ನನಗೆ ಈಗಲೂ ಎದೆಯಲ್ಲಿ ಮುಳ್ಳಾಡುತ್ತದೆ. ಆ ಹೊಟ್ಟೆಕಿಚ್ಚು ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ನಾನು ಬಾಯಿ ಹಿಡಿಯುವುದನ್ನು ಕಲಿತಿದ್ದೇನೆ, ಅಷ್ಟೇ.

ಹೋದ ತಿಂಗಳು ಚಿಂಚೋಳಿ ಕಡೆಯಿಂದ ಅವಳಿಗೆ ಹೊಸ ಸಂಬಂಧ ಬಂದಿತ್ತು. ತಂಗಿ ಊರಿಗೆ ಬಂದಿದ್ದ ಒಂದು ಭಾನುವಾರ ನಾನು ಒಳಗೆ ಕಾಲಿಟ್ಟಾಗ ಸಣ್ಣವ್ವ ಮಾತನ್ನು ಅರ್ಧಕ್ಕೆ ನಿಲ್ಲಿಸಿ ವರನ ಫೋಟೋವನ್ನು ಸೆರಗಿನ ಕೆಳಗೆ ಸರಿಸಿದಳು. ನಾನು ಏನೂ ಕಾಣದವಳಂತೆ ತಿರುಗಿ ಹೊರಗಿನ ಕಟ್ಟೆಯ ಮೇಲೆ ಕೂತೆ. ಹಾಗೆ ಮಾಡಲು ಅವಳಿಗೆ ಹಕ್ಕಿದೆ. ಇನ್ನೆಷ್ಟು ವರ್ಷ ಹೀಗೆ ಅಂತ ನಾನು ಕೇಳುವಂತಿಲ್ಲ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ತಂಗಿಯ ದನಿ ಬಂತು: "ಅಕ್ಕಾ, ಚಾ ಆರ್ಲಿಕತ್ತದ. ಒಳಗ ಬಾ."

ಸಣ್ಣವ್ವ ಏನಾದರೂ ಅನ್ನುತ್ತಾಳೋ ಎಂದು ಕಾದೆ. ಏನೂ ಅನ್ನಲಿಲ್ಲ. ಎದ್ದು ಒಳಗೆ ಹೋದೆ.