ಗೋಡೆಯೊಳಗಿನ ಬಿಸಿ

ಕಳೆದ ಬೇಸಿಗೆಯಲ್ಲಿ ಅಕ್ಕ ಸೊಂಟದ ಮೂಳೆ ಮುರಿದುಕೊಂಡು ಎನ್.ಆರ್. ಕಾಲೋನಿಯ ನಮ್ಮ ಮನೆಗೆ ಬಂದಳು. ಮುಂದಿನ ಕೋಣೆಯಲ್ಲಿ ಗೋಡೆಗೆ ಒತ್ತಿ ಅವಳ ಮಂಚ ಹಾಕಿದೆವು. ಸೆಕೆ ತಡೆಯಲಾರದೆ ಒಂದು ಏಸಿಯನ್ನೂ ಹಾಕಿಸಿದೆವು. ಅದಾದ ಕೆಲವೇ ದಿನಗಳಲ್ಲಿ, ಆ ಕೋಣೆಗೆ ಕಾಲಿಟ್ಟರೆ ನನಗೆ ಸುಟ್ಟ ವಾಸನೆ ಬರತೊಡಗಿತು. ಅಕ್ಕನಿಗಾಗಲಿ ನನ್ನ ಗಂಡನಿಗಾಗಲಿ ಬರುತ್ತಿರಲಿಲ್ಲ.

“ನಿಂಗೆ ಎಲ್ಲದಕ್ಕೂ ಭಯ ಕಣೇ,” ಅಂದಳು ಅಕ್ಕ.

ಭಯವೇ ಆಗಿತ್ತು. ಬೆಂಕಿ ಹತ್ತಿದರೆ ಅವಳು ಎದ್ದು ಓಡಲಾರಳು. ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಒಂದು ಕಣ್ಣು ಫೋನಿನ ಮೇಲಿರುತ್ತಿತ್ತು.

ಆಗ ನಡೆಯುತ್ತಿದ್ದದ್ದು ಶಾಖ ವಿಕಿರಣದ ಪಾಠ. ವಿದ್ಯುತ್ ದೀಪ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಜರ್ಮನಿಯ ವಿಜ್ಞಾನಿಗಳು ಟೊಳ್ಳು ಕುಲುಮೆಯೊಂದನ್ನು ಕಾಯಿಸಿ, ಅದರ ಸಣ್ಣ ತೂತಿನಿಂದ ಹೊಮ್ಮುವ ಬೆಳಕನ್ನು ಅಳೆದರು. ಅಳತೆ ಹಳೆಯ ಸೂತ್ರಗಳಿಗೆ ಹೊಂದಲಿಲ್ಲ. ಶಕ್ತಿ ತುಣುಕು ತುಣುಕಾಗಿ ಹೊಮ್ಮುತ್ತದೆಂದು ಅವರಲ್ಲೊಬ್ಬರು ಊಹಿಸಿದ ಮೇಲೆಯೇ ಲೆಕ್ಕ ಕೂಡಿಬಂತು. ಹೊಸ ಭೌತಶಾಸ್ತ್ರ ಹುಟ್ಟಿದ್ದು ಅಲ್ಲಿಂದ. ಬೆಚ್ಚಗಿರುವ ಪ್ರತಿ ವಸ್ತುವೂ ಕಣ್ಣಿಗೆ ಕಾಣದ ಬೆಳಕನ್ನು ಬೀರುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವಳ ಕೈ ನಿಂತಿತು. ನಮ್ಮ ಗೋಡೆಯೂ ಬೀರುತ್ತಿರಬೇಕಲ್ಲ. ಆ ಬೆಳಕನ್ನು ಹಿಡಿಯುವ ಕ್ಯಾಮೆರಾ ನಮ್ಮ ಲ್ಯಾಬಿನಲ್ಲೇ ಇತ್ತು. ಕೇಳಿಕೊಂಡು ಮನೆಗೆ ತಂದೆ.

ಮಧ್ಯಾಹ್ನ ಏಸಿ ಓಡುತ್ತಿತ್ತು, ಅಕ್ಕ ಮಲಗಿದ್ದಳು. ಕ್ಯಾಮೆರಾದ ಪರದೆಯಲ್ಲಿ ಅವಳ ಮುಖ ಕಿತ್ತಳೆ, ತಣ್ಣನೆಯ ಗೋಡೆ ನೀಲಿ; ತೀರಾ ಬಿಸಿಯಾದದ್ದು ಬಿಳಿಯಾಗಿ ಕಾಣುತ್ತದೆ. ಕ್ಯಾಮೆರಾವನ್ನು ಏಸಿಯಿಂದ ಮೆಲ್ಲಗೆ ಕೆಳಕ್ಕೆ ತಂದೆ. ಅವಳ ದಿಂಬಿನ ಹಿಂದೆ ಅಂಗೈಯಗಲದ ಬಿಳಿ ಮಚ್ಚೆ ಉರಿಯುವಂತೆ ಹೊಳೆಯಿತು. ಬರಿಗಣ್ಣಿಗೆ ಅಲ್ಲಿ ಸುಣ್ಣ ಬಳಿದ ಗೋಡೆಯಷ್ಟೇ ಕಾಣುತ್ತಿತ್ತು.

“ರೀ, ಮೇನ್ ಆಫ್ ಮಾಡಿ,” ಎಂದು ಗಂಡನನ್ನು ಕೂಗಿದೆ.

“ಏನಾಯ್ತೇ?”

“ಮೊದ್ಲು ಆಫ್ ಮಾಡಿ, ಆಮೇಲೆ ಹೇಳ್ತೀನಿ.”

ಇಬ್ಬರೂ ಸೇರಿ ಅಕ್ಕನ ಸಮೇತ ಮಂಚವನ್ನು ಬಾಗಿಲ ಕಡೆಗೆ ಎಳೆದೆವು. ನೋವಿಗೆ ಅವಳು ತುಟಿ ಕಚ್ಚಿಕೊಂಡಳು.

ಸಂಜೆ ಎಲೆಕ್ಟ್ರಿಷಿಯನ್ ಬಂದು ಗಾರೆ ಒಡೆದರು. ಹಳೆಯ ವೈರಿಗೆ ಏಸಿಯ ವೈರನ್ನು ಹೆಣೆದಿದ್ದ ಜಾಗ ಅಷ್ಟು ಕರೆಂಟು ತಾಳದೆ ಕರಕಲಾಗಿ, ವೈರಿನ ಸುತ್ತಲಿನ ಪ್ಲಾಸ್ಟಿಕ್ ಪೈಪು ಕರಗಿ ಅಂಟಿಕೊಂಡಿತ್ತು.

“ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಕಷ್ಟ ಆಗ್ತಿತ್ತು ಮೇಡಂ,” ಅಂದರು.

ಇಡೀ ಮನೆಯ ವೈರಿಂಗ್ ಬದಲಾಯಿಸಿದೆವು. ಅಕ್ಕ ಈಗ ಕೋಲು ಹಿಡಿದು ನಡೆಯುತ್ತಾಳೆ. ಆದರೆ ಆ ಕೋಣೆಗೆ ಮಾತ್ರ ಹೋಗುವುದಿಲ್ಲ. ಹಾಲ್‌ನಲ್ಲೇ ಮಲಗುತ್ತಾಳೆ, ಮಂಚವನ್ನು ಯಾವ ಗೋಡೆಗೂ ತಾಗಿಸಲು ಬಿಡುವುದಿಲ್ಲ.